ತಾಯಪ್ಪನ ಸುಮೋ ಮತ್ತು ಸೋರುವ ಬ್ಯಾಟರಿ

ಬೋರಬಂಡದ ನಮ್ಮ ಗಲ್ಲಿಯಲ್ಲಿ ಕೂತಲ್ಲಿ ಕೂರಲಾರದ ಮನುಷ್ಯ ಅಂದರೆ ತಾಯಪ್ಪ. ಯಾದಗಿರಿ ಕಡೆಯವನು. ಮಾದಾಪುರದ ಗಾಜಿನ ಕಟ್ಟಡಗಳು ಏಳುವಾಗ ಅಲ್ಲಿ ಕಾಂಕ್ರೀಟ್ ಹೊತ್ತ. ಆಮೇಲೆ ಡ್ರೈವಿಂಗ್ ಕಲಿತು, ಒಂದು ಹಳೇ ಸುಮೋ ಕೊಂಡು, ಅದೇ ಕಟ್ಟಡಗಳಿಗೆ ರಾತ್ರಿಪಾಳಿಯ ಹುಡುಗ ಹುಡುಗಿಯರನ್ನು ಮುಟ್ಟಿಸತೊಡಗಿದ. ಅಮೆರಿಕದವರು ಫೋನ್ ಮಾಡಿದರೆ ಇಲ್ಲಿ ಕೂತು ಎತ್ತುವ ಕೆಲಸವಂತೆ ಅವರದು. ಅವರಾದರೂ ಹಗಲು ಮಲಗುತ್ತಿದ್ದರು. ಇವನು ಬೆಳಿಗ್ಗೆ ಬಂದವನೇ ಶಾಲೆ ಮಕ್ಕಳ ಟ್ರಿಪ್ ಹೊಡೆದು, ಮಧ್ಯಾಹ್ನ ಒಂದಿಷ್ಟು ಕಣ್ಣು ಮುಚ್ಚಿ, ಸಂಜೆಗೆ ಮತ್ತೆ ಸ್ಟೇರಿಂಗ್ ಹಿಡಿಯುತ್ತಿದ್ದ. ಎದುರು ಮನೆಯ ತಿಪ್ಪೇಸ್ವಾಮಿಯಾದ ನನಗೆ ನೋಡಿಯೇ ಸುಸ್ತಾಗುತ್ತಿತ್ತು.

ಆ ಮಳೆಗಾಲದಲ್ಲಿ ಅವನ ಗಾಡಿಗೆ ಒಂದು ರೋಗ ಹತ್ತಿತು. ಮಧ್ಯಾಹ್ನ ಚೆನ್ನಾಗಿಯೇ ಬಂದು ನಿಂತ ಗಾಡಿ, ಸಂಜೆ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅಂದು ಸುಮ್ಮನಾಗುವುದು. ಬ್ಯಾಟರಿ ಖಾಲಿ. ನಮ್ಮ ಗಲ್ಲಿ ಬಲು ಇಕ್ಕಟ್ಟು, ತಳ್ಳಿ ಸ್ಟಾರ್ಟ್ ಮಾಡುವಷ್ಟು ಜಾಗವೇ ಇಲ್ಲ. ಬೇರೆ ಬ್ಯಾಟರಿ ತಂದು ತಂತಿ ಜೋಡಿಸುವಷ್ಟರಲ್ಲಿ ಕಂಪನಿಯವರು ಬೇರೆ ಗಾಡಿ ಕಳಿಸಿರುತ್ತಿದ್ದರು. ಎರಡು ಸಲ ಹೀಗಾಯಿತು. ಇನ್ನೊಂದು ಸಲ ತಪ್ಪಿದರೆ ಗಾಡಿ ಕಂಪನಿಯಿಂದ ಹೊರಗೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟ.

ತಾಯಪ್ಪನಿಗೆ ತಲೆ ಕೆಟ್ಟಿತು. ಮೊದಲು ಟೇಪ್‌ರೆಕಾರ್ಡರ್ ಕಿತ್ತ. ಆಮೇಲೆ ಹಾರ್ನ್ ಬಿಚ್ಚಿದ. ಬ್ಯಾಟರಿ ಮಾರಿದವನ ಜತೆ ಜಗಳವಾಡಿ ಬಂದ. ಬೆಟ್ಟ ಅಗೆದರೂ ಇಲಿ ಸಿಗಲಿಲ್ಲ. ಮಲಗಬೇಕಾದ ಹೊತ್ತಿನಲ್ಲೂ ಬಾನೆಟ್ ಎತ್ತಿ ತಂತಿ ಮೂಸುತ್ತ ನಿಲ್ಲುತ್ತಿದ್ದ.

"ಎಲ್ಲೋ ಕರೆಂಟ್ ಸೋರಾಕತ್ತೈತ್ರಿ ಸ್ವಾಮ್ಯಾರ."

"ಮೊದಲು ಹೋಗಿ ಮಲಗಯ್ಯಾ. ಕಣ್ಣು ನೋಡಿಕೊಂಡಿದ್ದೀಯಾ?"

"ಮಕ್ಕೊಂಡ್ರ ಹೊಟ್ಟಿ ತುಂಬತೈತೇನ್ರಿ?"

ನನಗೆ ರೇಗುತ್ತಿತ್ತು. ಆದರೆ ಅವನ ಹೆಂಡತಿ ಸುಗಲಮ್ಮ ಒಂದು ಮಾತೂ ಆಡುತ್ತಿರಲಿಲ್ಲ. ಗಂಡ ಮಲಗಿದ ಮೇಲೆ ಗಾಡಿಗೆ ದಪ್ಪ ತಾಡಪಾಲು ಹೊದಿಸುವುದು, ಸಂಜೆ ಅದನ್ನು ತೆಗೆದು ಮಡಚಿಡುವುದು ಅವಳ ಕೆಲಸ. ಅಷ್ಟು ಮಾಡಿ ಒಳಗೆ ಹೋಗುತ್ತಿದ್ದಳು.

ಕೊನೆಗೆ ನಾಂಪಲ್ಲಿಯ ಎಲೆಕ್ಟ್ರಿಷಿಯನ್ ಸಾಯಿಕುಮಾರನ ಹತ್ತಿರ ಒಯ್ದ. ನಾನೂ ಜತೆಗಿದ್ದೆ. ಸಾಯಿಕುಮಾರ ಬ್ಯಾಟರಿಯ ಒಂದು ತಂತಿ ಕಳಚಿ, ನಡುವೆ ಸಣ್ಣ ಬಲ್ಬ್ ಕಟ್ಟಿದ. ಎಲ್ಲ ಆಫ್ ಇದ್ದರೂ ಎಲ್ಲಾದರೂ ಕರೆಂಟ್ ಹರಿಯುತ್ತಿದ್ದರೆ ಆ ಬಲ್ಬ್ ಉರಿಯಬೇಕು. ಉರಿಯಲಿಲ್ಲ. ತಂತಿಗಳನ್ನೆಲ್ಲ ಎಳೆದಾಡಿದರೂ ಉರಿಯಲಿಲ್ಲ.

"ಬಂಡಿ ಬಾಗುಂದಿ ಅಣ್ಣಾ," ಅಂದ. ಗಾಡಿ ಚೆನ್ನಾಗಿದೆ, ನೀವೇ ಏನಾದರೂ ಹಚ್ಚಿಟ್ಟು ಮರೆಯುತ್ತಿರಬೇಕು ಎಂದು ಸೇರಿಸಿದ. ತಾಯಪ್ಪನ ಸಿಟ್ಟು ನೆತ್ತಿಗೇರಿತು. ದಾರಿಯುದ್ದಕ್ಕೂ ಆ ಸಾಯಿಕುಮಾರನನ್ನು ಬೈದುಕೊಂಡೇ ಬಂದ.

ಮರುದಿನ ಮಧ್ಯಾಹ್ನ ಮೋಡ ಕವಿದಿತ್ತು. ಮಲಗಿದ ತಾಯಪ್ಪ ನಿದ್ದೆ ಬಾರದೆ ಎದ್ದು ಬಂದು, ಗಾಡಿಯ ಮುಂದೆ ನಿಂತು, ಎದುರು ಕಟ್ಟೆಯ ಮೇಲೆ ಕೂತಿದ್ದ ನನ್ನ ಜತೆ ಮಾತಿಗೆ ಶುರು ಮಾಡಿದ. ಮಾತಾಡುತ್ತ ತಾಡಪಾಲಿನ ಮೇಲೆ ಕೈ ಇಟ್ಟವನು ಥಟ್ಟನೆ ತೆಗೆದ. ಬಿಸಿಲೇ ಇಲ್ಲ, ಅಲ್ಲಿ ಮಾತ್ರ ಬಿಸಿ. ಹೊದಿಕೆ ಎತ್ತಿ ನೋಡಿದರೆ ಎರಡೂ ಹೆಡ್‌ಲೈಟ್ ಉರಿಯುತ್ತಿದ್ದವು. ಹಳೇ ಗಾಡಿ, ಕೀಲಿ ತೆಗೆದಿದ್ದರೂ ದೀಪ ಹತ್ತುತ್ತಿತ್ತು.

ಬಾಗಿಲಲ್ಲಿ ಸುಗಲಮ್ಮ ನಿಂತಿದ್ದಳು. ಅವಳ ಮುಖ ನೋಡಿದರೆ ಸಾಕಿತ್ತು.

"ನೀ ಹಚ್ಚಿದೇನು?" ತಾಯಪ್ಪ ಕೂಗಿದ. "ಇನ್ನೊಂದ್ಸಲ ತಪ್ಪಿದ್ರ ಕಂಪನಿಯಿಂದ ತಗೀತಾರ, ಗೊತ್ತಿಲ್ಲೇನು ನಿನಗ?"

"ಗೊತ್ತೈತ್ರಿ."

"ಗೊತ್ತಿದ್ದೂ?"

"ಗಾಡಿ ನಿಂತ ದಿನಾನ ನೀವು ರಾತ್ರಿ ಮನ್ಯಾಗ ಮಕ್ಕೊಂಡೀರಿ. ಮೊನ್ನಿ ತುತ್ತು ಕೈಯಾಗ ಹಿಡಕೊಂಡೇ ನಿದ್ದಿ ಹೋದ್ರಿ. ಅದ ಕೈಲೆ ಸ್ಟೇರಿಂಗ್ ಹಿಡೀತೀರಿ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಬಂಡೆಪ್ಪನ ಗಾಡಿ ಒಂದ್ ದಿನಾನೂ ಕೆಟ್ಟಿದ್ದಿಲ್ಲರಿ."

ಬಂಡೆಪ್ಪ ಅವರ ಊರಿನವನೇ, ಅದೇ ಕಂಪನಿಗೆ ಗಾಡಿ ಓಡಿಸುತ್ತಿದ್ದವನು. ಬೇಸಿಗೆಯಲ್ಲಿ ಶಂಶಾಬಾದ್ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದೇ ತೂಕಡಿಸಿ, ನಿಂತ ಲಾರಿಗೆ ಗುದ್ದಿ ಸತ್ತಿದ್ದ. ಹೆಣ ತರಲು ಹೋದವನು ತಾಯಪ್ಪನೇ.

ತಾಯಪ್ಪ ತಾಡಪಾಲನ್ನು ಪೂರ್ತಿ ಎಳೆದು ಹಾಕಿದ. ಒಳಗೆ ಹೋಗಿ ಕೀಲಿ ತಂದು, ಗಾಡಿ ಹತ್ತಿ ದೀಪ ಆರಿಸಿದ. ಹಚ್ಚಿ ಹೆಚ್ಚು ಹೊತ್ತಾಗಿರಲಿಲ್ಲವೋ ಏನೋ, ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಸುಗಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟಾದ ಮೇಲೂ ಹೊರಟನಲ್ಲ ಮಾರಾಯ ಅನ್ನಿಸಿತು.

ಇಂಜಿನ್ ಓಡುತ್ತಲೇ ಇತ್ತು. ಬಹಳ ಹೊತ್ತು ಹಾಗೇ ಕೂತಿದ್ದವನು ಅದನ್ನು ಆಫ್ ಮಾಡಿ, ಜೇಬಿನಿಂದ ಮೊಬೈಲ್ ತೆಗೆದು ಸೂಪರ್‌ವೈಸರನಿಗೆ ಫೋನ್ ಮಾಡಿದ.

"ಸಾಬ್, ಆಜ್ ಭೀ ಬ್ಯಾಟರಿ ಡೌನ್ ಹೈ."

ಇವತ್ತೂ ಬ್ಯಾಟರಿ ಖಾಲಿ ಅಂದರೆ ಬಿಡುತ್ತಾರೆಯೇ, ಆ ಕಡೆಯ ಬೈಗುಳ ನನ್ನ ಕಟ್ಟೆಗೂ ಕೇಳಿಸಿತು. ತಾಯಪ್ಪ ಒಳಗೆ ಹೋಗಿ ಮಲಗಿದ. ಕತ್ತಲಾದರೂ ಏಳಲಿಲ್ಲ. ಸುಗಲಮ್ಮ ಹೊಸ್ತಿಲ ಮೇಲೆ ಕೂತು, ಗದ್ದಲ ಮಾಡಬೇಡಿ ಎಂದು ಗಲ್ಲಿಯ ಮಕ್ಕಳನ್ನು ಓಡಿಸುತ್ತಿದ್ದಳು.