ಒಬ್ದುಲಿಯಾ ಬೆಳ್ಳಗೆ ತೊಳೆದ ಸಿಪ್ಪೆ

ಒಬ್ದುಲಿಯಾ ಹುಟ್ಟಿ ಬೆಳೆದದ್ದು ಎಸ್ಕ್ವಿನಾಪ ಎಂಬ ಊರಿನ ಹಿನ್ನೀರಿನ ದಡದಲ್ಲಿ, ಸಿಗಡಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ ಚಾಪೆಯ ಮೇಲೆ ಒಣಗಿಸುವ ಹೆಂಗಸರ ನಡುವೆ. ಅಲ್ಲಿ ಹೆಂಗಸಿನ ಯೋಗ್ಯತೆ ತಿಳಿಯಬೇಕಾದರೆ ಅವಳು ಸಿಗಡಿ ಬಿಡಿಸುವ ಮೇಜನ್ನು ನೋಡುತ್ತಿದ್ದರು. ಸಂಜೆ ಎಲ್ಲರೂ ಮೇಜು, ಬುಟ್ಟಿ, ಚಾಕುಗಳನ್ನು ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆಯಬೇಕು. ಒಂದು ಕೆಂಪು ಕಲೆ ಉಳಿದರೂ ಸಾಕು, "ಇವಳ ಮನೇಲಿ ಊಟಕ್ಕೆ ಕೂರೋ ಮುಂಚೆ ಮಾತ್ರೆ ನುಂಗಬೇಕು" ಎಂದು ಪಕ್ಕದವಳು ದಡಕ್ಕೆಲ್ಲ ಕೇಳುವಂತೆ ಅನ್ನುತ್ತಿದ್ದಳು.

ಒಬ್ದುಲಿಯಾ ತನ್ನ ಬಗ್ಗೆ ಆ ಮಾತನ್ನು ಒಮ್ಮೆಯೂ ಕೇಳಿಸಿಕೊಂಡವಳಲ್ಲ. ಊರವರೆಲ್ಲ ಇಡೀ ಸಿಗಡಿಯನ್ನು ಮೀಸೆ ಸಮೇತ ಜೋಳದ ಹಿಟ್ಟಿನಲ್ಲಿಟ್ಟು, ಎಲೆಯಲ್ಲಿ ಸುತ್ತಿ, ಕಡುಬಿನಂಥ ತಮಾಲೆ ಬೇಯಿಸಿದರೆ, ಇವಳು ಒಂದೊಂದರ ಮೀಸೆಯನ್ನೂ ಕತ್ತರಿಯಿಂದ ಕತ್ತರಿಸುತ್ತಿದ್ದಳು.

"ಅಕ್ಕಾ, ಸಿಗಡಿಗೂ ಕ್ಷೌರ ಮಾಡಿಸಿದ್ದೀಯಲ್ಲ! ಇದನ್ನ ತಿನ್ನೋದೋ, ಮದುವೆಗೆ ಕಳಿಸೋದೋ?" ಎಂದು ತಮ್ಮ ನಿಕಾನೋರ್ ರೇಗಿಸುತ್ತಿದ್ದ.

"ಬಾಯಿ ಮುಚ್ಕೊಂಡು ತಿನ್ನೋ. ನಿನ್ನ ಹೆಂಡತಿಗೆ ಸಿಪ್ಪೆ ಬಿಡಿಸೋಕೇ ಬರಲ್ಲ."

ಬಿಸಾಡುವ ಸಿಗಡಿ ಸಿಪ್ಪೆಯಿಂದ ಕೈಟೋಸಾನ್ ಎಂಬ ವಸ್ತು ತಯಾರಿಸುವ ಶೆಡ್ಡನ್ನು ಊರಿನ ಕಾಲೇಜಿನವರು ಹಾಕಿದಾಗ, ಅಚ್ಚುಕಟ್ಟಿನವಳೆಂದು ಇವಳನ್ನೇ ಕರೆದರು. ಸಿಪ್ಪೆಯನ್ನು ಆಸಿಡ್ಡಿನಲ್ಲಿ ನೆನೆಸಿ ಸುಣ್ಣ ತೆಗೆಯುವುದು, ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಮಾಂಸದಂಶ ತೆಗೆಯುವುದು, ಮತ್ತೆ ಕುದಿಸಿ, ತೊಳೆದು, ಒಣಗಿಸುವುದು. ಕೊನೆಗೆ ಉಳಿಯುವುದು ತಿಳಿಗುಲಾಬಿ ಬಣ್ಣದ ಚಕ್ಕೆ. ನಗರದ ಪ್ರಯೋಗಾಲಯದಲ್ಲಿ ಅದರಿಂದ ಸ್ಪಂಜು ಮಾಡುತ್ತಿದ್ದರು. ಮೂಳೆಯ ಮುರಿದ ಜಾಗದಲ್ಲಿ ಅದನ್ನಿಟ್ಟರೆ ಹೊಸ ಮೂಳೆ ಅದನ್ನು ಹಿಡಿದು ಬೆಳೆಯುತ್ತದೆ, ಸ್ಪಂಜು ಮೆಲ್ಲಗೆ ಕರಗಿ ಹೋಗುತ್ತದೆ ಎಂದು ಶೆಡ್ಡಿನ ಮೇಲ್ವಿಚಾರಕಿ ಯಾದಿರಾ ಹೇಳಿಕೊಟ್ಟಿದ್ದಳು. ಕೊಳೆತು ನಾರುವ ಸಿಪ್ಪೆ ಮನುಷ್ಯನ ಮೈಯೊಳಗೆ ಹೋಗುತ್ತದೆ ಎಂಬುದು ಒಬ್ದುಲಿಯಾಳಿಗೆ ಹೆಮ್ಮೆಯೂ ಹೌದು, ಒಂದು ಬಗೆಯ ಕಸಿವಿಸಿಯೂ ಹೌದು.

ಆ ವರ್ಷ ಬೇಸಿಗೆಗೆ ಮುಂಚೆ ನಿಕಾನೋರನ ಕಾಲು ದೋಣಿಗೂ ಕಟ್ಟೆಗೂ ನಡುವೆ ಸಿಕ್ಕಿ ಜಜ್ಜಿತು. ಮೊಣಕಾಲ ಕೆಳಗಿನ ಮೂಳೆಯ ಒಂದು ತುಂಡೇ ಹೋಯಿತು. ಅವನದು ದೋಣಿಯ ಮೂತಿಯಲ್ಲಿ ನಿಂತು ಬೀಸುಬಲೆ ಎಸೆಯುವ ಕಸುಬು. ಎರಡೂ ಕಾಲು ಗಟ್ಟಿ ಇಲ್ಲದವನು ಅಲ್ಲಿ ನಿಲ್ಲಲಾರ. ಸ್ಪಂಜನ್ನು ಪರೀಕ್ಷಿಸುತ್ತಿದ್ದ ನಗರದ ಆಸ್ಪತ್ರೆಗೆ ಯಾದಿರಾಳೇ ಹೇಳಿ ಅವನನ್ನು ಸೇರಿಸಿದಳು. ಎಲ್ಲ ಸರಿಹೋದರೆ ಮುಂದಿನ ವರ್ಷ, ಸಿಗಡಿ ಹಿಡಿಯುವುದರ ಮೇಲೆ ವರ್ಷವರ್ಷವೂ ಹಾಕುವ ನಿಷೇಧ ತೆರವಾಗುವ ಹೊತ್ತಿಗೆ ಅವನು ದೋಣಿಯಲ್ಲಿರುತ್ತಾನೆ ಎಂದರು ಡಾಕ್ಟರು.

ಅವನಿಗೆಂದು ಚಕ್ಕೆ ತಯಾರಾಯಿತು. ಯಾದಿರಾ ಅದರ ಮಾದರಿಯನ್ನು ನಗರಕ್ಕೊಯ್ದು ಪರೀಕ್ಷಿಸಿ, "ತುಂಬಾ ಚೆನ್ನಾಗಿದೆ ಅಮ್ಮಾ, ಚೀಲಕ್ಕೆ ಹಾಕಿಬಿಡಿ" ಎಂದು ಫೋನ್ ಮಾಡಿದಳು. ಒಬ್ದುಲಿಯಾ ಚಕ್ಕೆಯನ್ನು ಅಂಗೈಯಲ್ಲಿ ಹರಡಿ ನೋಡಿದಳು. ಗುಲಾಬಿ ಬಣ್ಣ ಹಾಗೇ ಇತ್ತು. ಬೇರೆಯವರ ಕಾಲಿಗಾದರೆ ಇರಲಿ ಎನ್ನಬಹುದಿತ್ತೇನೋ. ಇದು ತಾನು ಎತ್ತಿ ಆಡಿಸಿದ ತಮ್ಮನ ಕಾಲು. ಅದರೊಳಗೆ ಈ ಕಲೆಯೇ?

ಹೊರಗಿನ ಕಟ್ಟೆಯ ಮೇಲೆ ನೆಲ ತೊಳೆಯುವ ಕ್ಲೋರಿನ್ ಬಾಟಲಿ ಇತ್ತು. ಚಕ್ಕೆಯನ್ನು ಅದರಲ್ಲಿ ನೆನೆಸಿದಳು. ಆಮೇಲೆ ವಾಸನೆ ಹೋಗುವವರೆಗೂ ಒಳ್ಳೆಯ ನೀರಿನಲ್ಲಿ ಜಾಲಿಸಿ ಜಾಲಿಸಿ ಒಣಗಿಸಿದಳು. ಅದು ಉಪ್ಪಿನಂತೆ ಹೊಳೆಯಿತು.

"ಅಬ್ಬಾ, ಏನು ಬೆಳ್ಳಗೆ ಬಂದಿದೆ! ಬಿಸಿಲು ಚೆನ್ನಾಗಿ ಬಿದ್ದಿರಬೇಕು" ಎಂದಳು ಮರಳಿ ಬಂದ ಯಾದಿರಾ. ಒಬ್ದುಲಿಯಾ ನಕ್ಕಳು. ಒಳ್ಳೆಯ ಅಡುಗೆಯವಳು ತನ್ನ ಕೈಗುಣವನ್ನು ಬಿಡಿಸಿ ಹೇಳುತ್ತಾಳೆಯೇ?

ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರಗಳ ನಂತರ ಡಾಕ್ಟರು ಒಬ್ದುಲಿಯಾ, ಯಾದಿರಾ ಇಬ್ಬರನ್ನೂ ಕರೆದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆಯ ಸಂದು ಮೊದಲಿನಂತೆಯೇ ಬಾಯಿ ತೆರೆದುಕೊಂಡಿತ್ತು. ತಿಂಗಳುಗಟ್ಟಲೆ ಇರಬೇಕಾದ ಸ್ಪಂಜು ಆಗಲೇ ಕರಗಿಹೋಗಿತ್ತು.

"ಚಕ್ಕೆಯಲ್ಲೇ ಏನಾದರೂ ಕೊಳೆ ಉಳಿದಿತ್ತೇನೋ" ಎಂದರು ಡಾಕ್ಟರು.

ಒಬ್ದುಲಿಯಾಳಿಗೆ ಸಿಟ್ಟೇ ಬಂತು. "ಕೊಳೆ ಇರೋದು ಯಾವುದೂ ನನ್ನ ಕೈ ದಾಟಿ ಹೋಗಲ್ಲ ಡಾಕ್ಟ್ರೇ. ಚೀಲಕ್ಕೆ ಹಾಕೋ ಮುಂಚೆ ನಾನೇ ಕ್ಲೋರಿನಲ್ಲಿ ತೊಳೆದಿದ್ದೀನಿ. ಒಂದು ಚೂರು ಕೆಂಪು ಇರಲಿಲ್ಲ, ಬೇಕಾದ್ರೆ ಇವಳನ್ನ ಕೇಳಿ."

ಯಾದಿರಾ ಗೋಡೆಗೆ ಒರಗಿದಳು. ಆಮೇಲೆ ಒಬ್ದುಲಿಯಾಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು, "ತಾರಸಿ ಹಾಕುವಾಗ ಕೆಳಗೆ ಹಲಗೆ, ಕಂಬ ಕೊಡ್ತಾರಲ್ಲ ಅಮ್ಮಾ? ಕಾಂಕ್ರೀಟು ಗಟ್ಟಿಯಾಗೋ ತನಕ ಅದು ಹೊತ್ಕೊಂಡು ನಿಲ್ಲಬೇಕು. ಮೂಳೆಗೆ ಸ್ಪಂಜೂ ಹಾಗೇ. ಕ್ಲೋರಿನ್ ಆ ಹಲಗೆಗಳನ್ನ ಒಳಗಿಂದಲೇ ಚೂರು ಚೂರು ಮಾಡಿಬಿಡುತ್ತೆ. ನೋಡೋಕೆ ಮಾತ್ರ ಚೆನ್ನಾಗಿರುತ್ತೆ" ಎಂದಳು. ಮತ್ತೆ ತಗ್ಗಿದ ದನಿಯಲ್ಲಿ, "ಏನು ಮಾಡಬೇಕು ಅಂತ ಎಲ್ಲ ಹೇಳಿಕೊಟ್ಟೆ. ಏನು ಮಾಡಬಾರದು ಅಂತ ಹೇಳಲೇ ಇಲ್ಲ. ಬೆಳ್ಳಗಿದ್ದದ್ದು ನೋಡಿಯೂ ಕೇಳಲಿಲ್ಲ" ಎಂದಳು.

ಒಬ್ದುಲಿಯಾ ತನ್ನ ಅಂಗೈಗಳನ್ನು ಹೊದ್ದಿದ್ದ ಶಾಲಿನೊಳಗೆ ಮುಚ್ಚಿಕೊಂಡಳು.

ತಮ್ಮನಿಗೆ ಅವಳೇ ಹೇಳಿದಳು. ಅವನು ಕೇಳಿಸಿಕೊಂಡು, "ನನ್ನ ಕಾಲೂ ನಿನ್ನ ಮೇಜು ಅಂದ್ಕೊಂಡ್ಯಾ ಅಕ್ಕಾ?" ಎಂದು ನಕ್ಕ. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದ.

ಮತ್ತೆ ಕೊಯ್ದು, ಅವನದೇ ಸೊಂಟದ ಮೂಳೆಯ ಚೂರನ್ನು ಕಾಲಿಗಿಟ್ಟು ಲೋಹದ ಪಟ್ಟಿ ಕೂಡಿಸಿದರು. ಕಾಲು ಉಳಿಯಿತು. ಆದರೆ ಗಿಡ್ಡವಾಯಿತು, ಪಾದ ಮಡಿಚದಾಯಿತು. ಅವನ ನಂತರ ಆ ಆಸ್ಪತ್ರೆಯಲ್ಲಿ ಸ್ಪಂಜು ಇಡಿಸಿಕೊಂಡವನೊಬ್ಬ ಕೋಲಿಲ್ಲದೆ ನಡೆದ ಸುದ್ದಿ ಬಂದಾಗ ಶೆಡ್ಡಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ದುಲಿಯಾಳೂ ತಟ್ಟಿದಳು. ಆ ಚಕ್ಕೆಯೂ ಅವಳದೇ, ಗುಲಾಬಿ ಬಣ್ಣದ್ದು.

ನಿಷೇಧ ತೆರವಾದ ಬೆಳಿಗ್ಗೆ ದೋಣಿಗಳೆಲ್ಲ ಹಿನ್ನೀರಿಗೆ ಇಳಿದವು. ನಿಕಾನೋರನ ದೋಣಿಯ ಮೂತಿಯಲ್ಲಿ ಅವನ ಹೆಂಡತಿಯ ಅಣ್ಣ ನಿಂತಿದ್ದ. ನಿಕಾನೋರ್ ದಡದಲ್ಲಿ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು ಕೂಗುತ್ತಿದ್ದ: "ಎಡಗಾಲು ಮುಂದಿಡೋ ಭಾವಾ! ನೀನೇನು ಬಲೆ ಎಸೀತಿದ್ದೀಯೋ, ಬಟ್ಟೆ ಒಣಗಿಸ್ತಿದ್ದೀಯೋ?"

ಒಬ್ದುಲಿಯಾ ಬಿಸಿ ತಮಾಲೆಯ ಬುಟ್ಟಿ ತಂದು ಪಕ್ಕದಲ್ಲಿಟ್ಟಳು. ಅವನು ಒಂದನ್ನು ಬಿಡಿಸಿದ. ಹಿಟ್ಟಿನಿಂದ ಸಿಗಡಿಯ ಉದ್ದ ಮೀಸೆಗಳು ಹೊರಗೆ ಚಾಚಿದ್ದವು.

"ಏನಕ್ಕಾ, ಈ ಸಲ ಕ್ಷೌರ ಮಾಡಿಸಿಲ್ಲ?"

"ಹೇಗಿದ್ಯೋ ಹಾಗೇ ಇರಲಿ ಅಂತ" ಎಂದಳು ಅವಳು. "ಕತ್ತರಿ ಹಿಡಿದೆ. ಕೈ ಬರಲಿಲ್ಲ."

ಅವನು ತಿನ್ನುತ್ತಾ ನೀರಿನ ಕಡೆ ನೋಡಿದ. ಅಷ್ಟರಲ್ಲಿ ಅವನ ದೋಣಿ ನೀರಂಚಿನ ಕಾಂಡ್ಲಾ ಮರಗಳ ತಿರುವು ದಾಟಿತ್ತು.