ಎರಡು ಬಾಯಿಯ ಒಲೆ

ಒಲೆ ದೊಡ್ಡದೇ ಇರಲಿ ಎಂದು ಮಾವ ಮೂರನೆಯ ಸಲ ಹೇಳಿದಾಗ ನನಗೆ ಅನುಮಾನ ಶುರುವಾಯಿತು.

ಮಾವ ಎಂದರೆ ಅಮ್ಮನ ಅಣ್ಣ. ಹಿಂದೂಪುರದಲ್ಲಿ ಅವರದು ರೇಷ್ಮೆ ಮಗ್ಗಗಳ ಶೆಡ್. ನಾವು ಅವರ ಮನೆಯಲ್ಲಿದ್ದಷ್ಟು ವರ್ಷ, ಶೆಡ್ಡಿನ ಎಂಟು ಮಂದಿ ನೇಕಾರರಿಗೆ ಮಧ್ಯಾಹ್ನದ ಮುದ್ದೆ ಅಮ್ಮನ ಕೈಯಿಂದಲೇ ಆಗುತ್ತಿತ್ತು. ಹೊಗೆಯಲ್ಲಿ ಕೂತು ಕೂತು ಅವಳಿಗೆ ಉಬ್ಬಸ ಹಿಡಿಯಿತು. ನನಗೆ ಲೇಪಾಕ್ಷಿಯ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ ಅವರ ಮನೆಯಿಂದ ಎರಡು ಬೀದಿ ಆಚೆ ಬೇರೆ ಮನೆ ಮಾಡಿದೆವು. ಈಗ ಉಣ್ಣುವವರು ನಾವಿಬ್ಬರೇ.

ಮನೆಯಲ್ಲಿ ಗ್ಯಾಸ್ ಇದೆ. ಆದರೆ ಮುದ್ದೆಯನ್ನು ಮಾತ್ರ ಅಮ್ಮ ಅದರ ಮೇಲೆ ಮಾಡುವುದಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಸೌದೆ ಉರಿಸುತ್ತಿದ್ದಳು. ಗಾಳಿ ತಿರುಗಿದರೆ ಹೊಗೆ ನೇರ ಮುಖಕ್ಕೆ. ಕೊಳವೆಯಲ್ಲಿ ಹೊಗೆ ಆಚೆ ಹೋಗುವ ಕಬ್ಬಿಣದ ಒಲೆ ತರೋಣವೆಂದೆ. ಕಲ್ಯಾಣದುರ್ಗದಲ್ಲಿ ಒಬ್ಬರು ಅಂಥವನ್ನು ಮಾಡುತ್ತಾರೆ ಎಂದು ತಿಳಿಸಿದವರು ಮಾವನೇ.

ನಾನು ಟೇಪು ಹಿಡಿದು ಮುದ್ದೆ ಪಾತ್ರೆಯ ತಳ ಅಳೆಯುವಾಗ ಅವರು ಬಾಗಿಲಲ್ಲಿ ನಿಂತಿದ್ದರು.

"ಏನಮ್ಮಿ, ಪಾತ್ರೆಗೆ ರವಿಕೆ ಹೊಲಿಸ್ತೀಯಾ?"

"ಒಲೆಗೆ ಅಳತೆ ಬೇಕಲ್ಲ ಮಾವ."

"ಅಳತೆ ಗಿಳತೆ ಬ್ಯಾಡ ಕಣಮ್ಮ. ದೊಡ್ಡದು ತಂದ್ಬುಡು. ನಾಳೆ ನೆಂಟ್ರು ಬಂದ್ರೆ?"

ನಮ್ಮ ಮನೆಗೆ ಬರುವ ನೆಂಟರು ಅವರೊಬ್ಬರೇ.

ಪರೀಕ್ಷೆಯ ಕೆಲಸಕ್ಕೆ ಕಲ್ಯಾಣದುರ್ಗಕ್ಕೆ ಹೋದ ದಿನ ಒಲೆ ಮಾಡುವವರ ಅಂಗಡಿ ಹುಡುಕಿದೆ. ತಗಡುಗಳ ನಡುವೆ ಕೂತಿದ್ದ ಆತ ನನ್ನ ಅಳತೆಯ ಚೀಟಿಯನ್ನು ನೋಡಲೇ ಇಲ್ಲ.

"ಎಷ್ಟು ಸೇರು ಸಂಗಟಿ ತಲ್ಲಿ?" ಎಂದರು.

ತೆಲುಗಿನವರಾದ ಅವರಿಗೆ ನಮ್ಮ ಮುದ್ದೆ ಸಂಗಟಿ, ನಮ್ಮ ತಾಯಿ ಎಂಬ ಮಾತು ತಲ್ಲಿ. ಒಮ್ಮೆಗೆ ಎಷ್ಟು ಹಿಟ್ಟು ತಿರುವುತ್ತೀರಿ ಎಂಬುದೇ ಅಲ್ಲಿ ಒಲೆಯ ಅಳತೆ. ಅರ್ಧ ಸೇರು ಎಂದೆ. ಊರು ಕೇಳಿದರು, ಹೇಳಿದೆ.

"ಮಗ್ಗದ ಶೆಡ್ಡಿನೋರ ಕಡೆಯೋರಾ? ಅವರು ಆಗ್ಲೇ ಫೋನ್ ಮಾಡವ್ರೆ. ನಮ್ಮ ತಂಗಿ ಮಗಳು ಬತ್ತಾಳೆ, ಮೂರು ಸೇರಿಂದು, ಎರಡು ಬಾಯಿದು ಕೊಟ್ಬುಡು ಅಂದ್ರು."

ಒಂದು ಬಾಯಿಗೆ ಮುದ್ದೆ, ಇನ್ನೊಂದಕ್ಕೆ ಸಾರು. ಮೂರು ಸೇರು ಹಿಟ್ಟು ಹತ್ತು ಹನ್ನೆರಡು ಮಂದಿಗೆ. ಎಂಟು ನೇಕಾರರು, ನಾವಿಬ್ಬರು. ಮತ್ತೇನೂ ಕೇಳಬೇಕಾಗಿರಲಿಲ್ಲ. ಅಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ಒಲೆ ತೋರಿಸಿ ಅದನ್ನೇ ಕೊಡಿ ಎಂದೆ.

"ಅದು ಬ್ಯಾಡ ತಲ್ಲಿ, ಹಗುರ. ಟೀ ಕಾಸಕ್ಕೆ ಸರಿ, ಸಂಗಟಿ ತಿರುವಕ್ಕೆ ಆಗಲ್ಲ. ಬಾಯಿ ಒಂದೇ ಇರ್ಲಿ, ಮೈ ಮಾತ್ರ ದಪ್ಪಿರ್ಬೇಕು."

ಇದನ್ನೂ ಮಾವನೇ ಹೇಳಿಕೊಟ್ಟಿರಬೇಕು ಎಂದುಕೊಂಡು ಆ ಚಿಕ್ಕದನ್ನೇ ಕೊಂಡೆ. ಬಸ್ಸಿನಲ್ಲಿ ಒಲೆ ಸೀಟಿನ ಕೆಳಗೆ ಹಿಡಿಸಿತು. ಅಷ್ಟು ಚಿಕ್ಕದೆಂಬುದೇ ನನಗೆ ಸಮಾಧಾನ.

ಭಾನುವಾರ ಅಡುಗೆಮನೆಯಲ್ಲಿ ಒಲೆ ಇಟ್ಟು, ಕೊಳವೆಯನ್ನು ಕಿಟಕಿಯಿಂದ ಆಚೆ ಬಿಟ್ಟೆವು. ನೀರು ಕುದಿಯುವವರೆಗೆ ಎಲ್ಲ ಚೆನ್ನಾಗಿತ್ತು. ಅಮ್ಮ ಹಿಟ್ಟು ಹಾಕಿದಳು. ಪಾತ್ರೆ ಅಲ್ಲಾಡದಂತೆ ಕವಲಿನ ಕವೆಗೋಲು ಒತ್ತಿ, ಅದರ ತುದಿಯನ್ನು ಪಾದದಿಂದ ಅದುಮಿ, ಎರಡೂ ಕೈಯಲ್ಲಿ ಹಿಟ್ಟಿನ ಕೋಲು ಹಿಡಿದು ತಿರುವಿದಳು. ನಾಲ್ಕನೆಯ ಸುತ್ತಿಗೆ ಒಲೆಯೇ ಜರುಗಿತು. ಕೊಳವೆ ಕೀಲಿನಿಂದ ಕಳಚಿಕೊಂಡಿತು. ಹೊಗೆಯೆಲ್ಲ ಒಳಗೆ.

ಅವಳನ್ನು ಹಿತ್ತಲ ಮೆಟ್ಟಿಲಿಗೆ ಕರೆತಂದು ಇನ್ಹೇಲರ್ ಕೊಟ್ಟೆ. ಉಸಿರು ತಹಬಂದಿಗೆ ಬರಲು ಬಹಳ ಹೊತ್ತು ಹಿಡಿಯಿತು. ತಳದ ಅಗಲವನ್ನು ನಾನು ಅಳೆದಿದ್ದೆ. ಅವಳ ಕಾಲು ಒತ್ತುವ ಬಲವನ್ನು ಅಳೆದಿರಲಿಲ್ಲ. ಮಾವನ ಫೋನಿನ ವಿಷಯವನ್ನೆಲ್ಲ ಅವಳಿಗೆ ಆಗಲೇ ಹೇಳಿದೆ.

"ಮುದ್ದೆ ತಿರುವೋಳು ನಾನು. ನನ್ನ ಯಾಕೆ ಒಂದು ಮಾತು ಕೇಳ್ಲಿಲ್ಲ?" ಎಂದಳು.

ಕೇಳಿದರೆ ಅಣ್ಣನಿಗೆ ಹೂಂ ಎಂದುಬಿಡುತ್ತಾಳೆ ಎಂಬ ಅನುಮಾನ ನನಗೆ ಅವಳ ಮೇಲೂ ಇತ್ತು. ಅವಳ ಬೆನ್ನು ಸವರಿದೆ.

ಮುಂದಿನ ವಾರ ಒಲೆ ಬದಲಾಯಿಸಲು ಅವಳೇ ನನ್ನ ಜೊತೆ ಕಲ್ಯಾಣದುರ್ಗಕ್ಕೆ ಬಂದಳು. ಚಪ್ಪಲಿ ಬಿಟ್ಟು, ಒಂದೊಂದೇ ಒಲೆಗೆ ಪಾದ ಕೊಟ್ಟು ನೂಕಿ ನೋಡಿದಳು. ಅಂಗಡಿಯವರು ನಗುತ್ತಿದ್ದರು. ಅಲ್ಲಾಡದ ಒಂದರ ಮುಂದೆ ನಿಂತು, "ಇದು ಕಣಪ್ಪ" ಎಂದಳು. ಒಂದು ಸೇರಿನದು, ದಪ್ಪ ಮೈ, ಒಂದೇ ಬಾಯಿ. ಅದು ಲಗೇಜ್ ಆಟೋದಲ್ಲಿ ಮನೆಗೆ ಬಂತು.

ಸುದ್ದಿ ತಿಳಿದು ಮಾವ ಸಂಜೆಯೇ ಬಂದರು. ಒಲೆಯ ಸುತ್ತ ಒಂದು ಸುತ್ತು ಹಾಕಿದರು.

"ಇನ್ನೊಂದು ಬಾಯಿ ಎಲ್ಲಿ?"

ನಾನು ಅಮ್ಮನ ಮುಖ ನೋಡಿದೆ. ಈ ಮಾತು ಅವಳೇ ಆಡಬೇಕಿತ್ತು.

"ಇಬ್ರಿಗೆ ಒಂದು ಸಾಕು ಕಣಣ್ಣ."

"ನೇಯೋರು ಹೋಟ್ಲು ಊಟ ಒಲ್ಲೆ ಅಂತಾರೆ ಕಣಮ್ಮಿ. ನಿನ್ನ ಮುದ್ದೇನೇ ಕೇಳ್ತಾರೆ. ಹೊಗೆ ಇಲ್ಲದ ಒಲೆ ಆದ್ರೆ ನಿಂಗೂ ತೊಂದ್ರೆ ಇರಲ್ಲ ಅಂದ್ಕಂಡೆ."

"ಹೊಗೆ ಆಚೆ ಹೋಯ್ತದೆ, ಸರಿ. ತೋಳು ನೋವು ಯಾವ ಕೊಳವೇಲಿ ಹೋಯ್ತದೆ?" ಅಮ್ಮ ನಗಲಿಲ್ಲ. "ಕೋಲು ನಾನೇ ಕೊಡ್ತೀನಿ, ತಿರುವೋದು ಹೇಳ್ಕೊಡ್ತೀನಿ. ನಿಂಗೂ ಎರಡು ಕೈ ಅವೆ."

ಮಾವ ಸ್ವಲ್ಪ ತಡವಾಗಿ ನಕ್ಕರು. ಶೆಡ್ಡಿಗೇ ಒಂದು ಎರಡು ಬಾಯಿಯ ಒಲೆ ತರಿಸುತ್ತೇನೆ, ಯಾರನ್ನಾದರೂ ಅಡುಗೆಗೆ ಇಡುತ್ತೇನೆ ಎಂದು ಹೇಳಿ ಹೋದರು. ಅಮ್ಮ ನಂಬಿದಳು.

ನಾನು ಎರಡು ದಿನ ಬಿಟ್ಟು ಕಲ್ಯಾಣದುರ್ಗಕ್ಕೆ ಫೋನ್ ಮಾಡಿದೆ. ಮಾವ ಒಲೆ ಹೇಳಿರುವುದು ನಿಜವೇ, ಯಾವ ವಿಳಾಸಕ್ಕೆ ಕಳಿಸಲು ಹೇಳಿದ್ದಾರೆ ಎಂದು ಕೇಳಿದೆ.

"ಶೆಡ್ಡಿಗೇ ತಲ್ಲಿ. ಯಾಕೆ, ನಿಮ್ಮನೆಗೂ ಇನ್ನೊಂದು ಬೇಕಾ?"

ಬೇಡ ಎಂದೆ. ವಿಳಾಸವನ್ನು ಇನ್ನೊಮ್ಮೆ ಓದಿ ಹೇಳುವಂತೆ ಕೇಳಿಕೊಂಡೆ.