ಸ್ಟೇನ್ವೋರ್ ಅಜ್ಜಿಯ ಸಿಟ್ಟು

ಐಸ್‌ಲ್ಯಾಂಡಿನ ಪಶ್ಚಿಮ ದಂಡೆಯಲ್ಲಿ ಹಳೆಯ ದೇವರ ಹಾಡುಗಳನ್ನು ಬಾಯಿಪಾಠ ಬಲ್ಲ ಮುದುಕಿಯರು ಹಲವರಿದ್ದಾರೆ, ಆದರೆ ಸ್ಟೇನ್ವೋರ್ ಅಜ್ಜಿಯಷ್ಟು ಸಿಡುಕಿ ಇನ್ನೊಬ್ಬಳಿಲ್ಲ. ಹುಲ್ಲುಕೊಯ್ಲಿನ ಹೊತ್ತಿಗೇ ಸರಿಯಾಗಿ ಕೋಪನ್‌ಹೇಗನ್ನಿನ ಪಂಡಿತರು ಕುದುರೆಯೇರಿ ಬಂದು, ಈ ಹಾಡು ಹುಟ್ಟಿದ್ದು ನಾರ್ವೆಯಲ್ಲೋ ಐರ್ಲೆಂಡಿನಲ್ಲೋ ಎಂದು ಅವಳ ಅಂಗಳದಲ್ಲೇ ಕಿತ್ತಾಡುತ್ತಾರೆ. ನಾರ್ವೆ ಎಂದವನಿಗೆ ಅವಳು ಒಣಮೀನು ಕೊಡುತ್ತಾಳೆ, ಬೆಣ್ಣೆ ಕೊಡುವುದಿಲ್ಲ. ಐರ್ಲೆಂಡ್ ಎಂದವನಿಗೆ ಮೀನೂ ಇಲ್ಲ. "ನಮ್ಮವ್ವನ ಬಾಯಲ್ಲಿ ಹುಟ್ಟಿದ್ದು ಕಣಯ್ಯ, ಬರ್ಕೋ," ಎನ್ನುತ್ತ ಹೆಣಿಗೆಯ ಕಡ್ಡಿಯನ್ನು ಅವರ ಮೂಗಿನವರೆಗೂ ಚಾಚುತ್ತಾಳೆ. ಹಳೆಯ ತೊಗಲಿನ ಹಾಳೆಯ ಪುಸ್ತಕವೇನಾದರೂ ಇದೆಯೇ ಎಂದು ಕೇಳಿದರಂತೂ ಮುಗಿಯಿತು. "ಇದ್ದದ್ದನ್ನ ನಿಮ್ಮೋರೇ ಹಡಗಲ್ಲಿ ಹೊತ್ಕೊಂಡ್ಹೋದ್ರು. ಉಳಿದ ಎರಡು ಹಾಳೇಲಿ ನಮ್ಮಜ್ಜಿ ಬರಗಾಲದಾಗೆ ಮಕ್ಕಳ ಕಾಲಿಗೆ ಜೋಡು ಹೊಲಿದ್ಲು. ಅದಕ್ಕೂ ಬೈತೀಯೇನು?" ಈ ಬೇಸಿಗೆಯಲ್ಲಿ ಬಂದ ಪಂಡಿತನೊಬ್ಬ, ಸತ್ತ ದೇವರಿಗಾಗಿ ಜಗತ್ತೆಲ್ಲ ಅಳುವ ಹಾಡನ್ನು ಬರೆದುಕೊಳ್ಳುತ್ತಿದ್ದವನು, ತಟ್ಟನೆ ತಲೆಯೆತ್ತಿದ. ಕಲ್ಲೂ ಅತ್ತಿತು, ಕಡಲು ಮಾತ್ರ ಅಳಲಿಲ್ಲ ಎಂಬ ಸಾಲು ಅವನು ಕಂಡ ಯಾವ ಪ್ರತಿಯಲ್ಲೂ ಇರಲಿಲ್ಲ. "ಅಜ್ಜಿ, ಇದು ಬಹಳ ಪುರಾತನದ್ದಿರಬೇಕು. ಯಾವ ಕಾಲದ್ದು?" ಎಂದು ಉಬ್ಬಿ ಕೇಳಿದ. ಹೆಣೆಯುತ್ತಿದ್ದ ಅಜ್ಜಿಯ ಕೈ ನಿಂತಿತು. "ನನ್ನ ಮೂರು ಗಂಡುಮಕ್ಕಳು ಒಂದೇ ದೋಣೀಲಿ ಮುಳುಗಿದ ವರ್ಷದ್ದು," ಎಂದಳು. ಹಾಗಾದರೆ ಹಳೆಯದಲ್ಲ ಎಂದುಕೊಂಡು ಅವನು ಆ ಸಾಲನ್ನು ಹೊಡೆದುಹಾಕಲು ಹೋದಾಗ ಅವನ ಮಣಿಕಟ್ಟನ್ನು ಬಲವಾಗಿ ಹಿಡಿದಳು. "ಹಳೇದಾಗೋ ತನಕ ಅಲ್ಲೇ ಇರ್ಲಿ."